ಕಬಡ್ಡಿಯಲ್ಲಿ ಔಟಾದವನು ಯಾರು

೧೮-೧೧-೨೦೦೮, ಮಂಗಳವಾರ

ದಿನಾ ಬರೆದರೆ ಕೋಪ ಇಳಿಯುತ್ತದಂತೆ. ಮೊಮ್ಮಗಳು ತನುಜಳ ಈ ಕಾಟಕ್ಕೇ ನನಗೆ ಕೋಪ ಬರುತ್ತದೆ.

ನಾನು ಓದಿದ ಶಾಲೆಗೆ ಇಂಟರ್ನೆಟ್ಟಿನಲ್ಲಿರುವ ಆರ್ಕುಟ್ ಪುಟ ನೋಡಿಕೊಳ್ಳುವವಳು ಅವಳೇ. ಹಳೇ ವಿದ್ಯಾರ್ಥಿಗಳ ಸಾಲಿಗೆ ನನ್ನ ಹೆಸರು, ಫೋಟೋ ಹಾಕಿಬಿಟ್ಟಿದ್ದಾಳೆ. "ಐದನೇ ಕ್ಲಾಸಿಗೇ ಬಿಟ್ಟೋನು ಕಣೇ ನಾನು!" ಎಂದು ರೇಗಿದೆ. "ಬಿಟ್ರೂ ನಿನ್ ಸ್ಕೂಲೇ ಅಲ್ವಾ ತಾತ?" ಎಂದಳು.

ಅದನ್ನು ನೋಡಿ ಇವತ್ತು ಹಿಂದೂಪುರದಿಂದ ನನ್ನ ಕ್ಲಾಸಿನ ಗಂಗುಲಪ್ಪ ಮೊಮ್ಮಗನ ಕೈಲಿ ಬರೆಸಿದ್ದಾನೆ: "ಏರಾ, ಬದುಕಿದ್ದೀಯಾ? ಅವತ್ತು ಕಬಡ್ಡೀಲಿ ಔಟಾಗಿದ್ದು ನೀನೇ."

ಐವತ್ತು ವರ್ಷದ ಮೇಲೆ ಸಿಕ್ಕವನು ಮೊದಲು ಆಡುವ ಮಾತೇ ಇದು? ಸುಳ್ಳುಗಾರ! ನಕ್ಕೂ ನಕ್ಕೂ ಮುದ್ದೆ ಗಂಟಲಲ್ಲೇ ಸಿಕ್ಕಿಕೊಂಡಿತು. ತನುಜಳ ಕೈಲಿ ಉತ್ತರ ಹಾಕಿಸಿದೆ:

"ಔಟಾಗಿದ್ದು ನೀನು ಕಣೋ. ಗೌರಿಬಿದನೂರಿಗೆ ಬಂದು ಒಪ್ಕೋ. ಯಾವ ರೈಲಿಗೆ ಬರ್ತೀಯ? ಈ ಭಾನುವಾರ, ಇಪ್ಪತ್ಮೂರನೇ ತಾರೀಖಿನೊಳಗೆ ಹೇಳು."