ಖಾಲಿ ಚೀಲದ ದಾಖಲೆ

ಸೋಮವಾರ, ಆಗಸ್ಟ್ 4. ಬೆಳಿಗ್ಗೆ 7.50

ಎಣಿಕೆ ಚೀಟಿಗಳು ಬಂದವು. ಫಿಂಚ್ ಹಕ್ಕಿ ಒಂದು ಕಡಿಮೆ. ಆಮೇಲೆ ಸಿಕ್ಕಿತು, ನೀರಿನ ತೊಟ್ಟಿಯ ಹಿಂದೆ ಕೂತಿತ್ತಂತೆ. ಆಮೆ ಮನೆಯವರ ಚೀಟಿಯ ಮೇಲೆ ಎಂದಿನಂತೆ ಟೊಮೆಟೊ ಸಾಸ್ ಕಲೆ.

ಹತ್ತಕ್ಕೆ ಬ್ರೈಡೀ ಜೊತೆ ಮೀಟಿಂಗ್. ನಮ್ಮ ಮೂರೂ ಝೂಗಳಿಗೆ ಪ್ರಾಣಿ ದಾಖಲೆಯ ಹೊಸ ಸಾಫ್ಟ್‌ವೇರ್ ತರುವ ಹೊಣೆ ಆಕೆಯದು. ಮೂರರಲ್ಲಿ ನಮ್ಮದೇ ಚಿಕ್ಕದು, ಹಾಗಾಗಿ ಪ್ರಯೋಗವೆಲ್ಲ ಮೊದಲು ನಮ್ಮ ತಲೆಯ ಮೇಲೆ. ಹಂತಗಳ ಪಟ್ಟಿ ನಾನೇ ಬರೆದೆ, ದಾಖಲೆ ಅಧಿಕಾರಿ ನಾನಲ್ಲವೇ. ಸೆಪ್ಟೆಂಬರಿನಲ್ಲಿ ಹಕ್ಕಿಗಳು. ನವೆಂಬರಿನಲ್ಲಿ ಹಾವು, ಹಲ್ಲಿ, ಆಮೆ. ಫೆಬ್ರವರಿಯಲ್ಲಿ ಕೋತಿ ಮತ್ತು ಇತರೆ. ಕೊಟ್ಟಕೊನೆಗೆ, ಮೇ ತಿಂಗಳಲ್ಲಿ, ಪುಟ್ಟ ಕಾಂಗರೂವಿನಂಥ ವಾಲಬಿ ಮೊದಲಾದ ಹೊಟ್ಟೆಚೀಲದ ಪ್ರಾಣಿಗಳು.

ಮೇ ತಿಂಗಳಲ್ಲಿ ನಾನು ದೀರ್ಘ ರಜೆಯ ಮೇಲೆ ಹೋಗುತ್ತಿದ್ದೇನೆ. ಕಾಕತಾಳೀಯ ಅಂತ ಈ ಪುಸ್ತಕದಲ್ಲಾದರೂ ಬರೆಯಲಾರೆ.

ಮಂಗಳವಾರ, ಆಗಸ್ಟ್ 5

ಬ್ರೈಡೀ ಪರೀಕ್ಷೆಗೆಂದು ಹಳೆಯ ಕಡತವನ್ನು ಪೂರ್ತಿ ಹೊಸದಕ್ಕೆ ಸುರಿದಳು. ಹಕ್ಕಿಗಳಲ್ಲಿ ಮೂರು ತಪ್ಪು. ಹಾವುಗಳಲ್ಲಿ ಐದು. ಬಂಡೆ ವಾಲಬಿಗಳ ಪುಟ ತೆರೆದರೆ ಮೇಲಿನಿಂದ ಕೆಳಗಿನವರೆಗೆ ಕೆಂಪು. ಅರವತ್ತೊಂದು.

"ಇದೇನು ರೇಲೀನ್, ಹುಟ್ಟಿ ಹತ್ತೊಂಬತ್ತು ದಿನಕ್ಕೇ ಮರಿ ಎಂಟುನೂರು ಗ್ರಾಂ ತೂಗ್ತಿದೆಯಲ್ಲ? ಏನು ತಿನ್ನಿಸ್ತೀರಿ ನೀವು?"

"ತಕ್ಕಡಿ ಕೆಟ್ಟಿರ್ಬೇಕು" ಅಂದೆ.

"ಅರವತ್ತೊಂದು ಸಲವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಕಾಫಿ ತರುತ್ತೇನೆ ಅಂತ ಎದ್ದು ಹೋದೆ. ಕಾಫಿ ತರಲಿಲ್ಲ. ಕಾರಿನಲ್ಲಿ ಕೂತಿದ್ದೆ.

ರಾತ್ರಿ

ಬರೆದುಬಿಡುತ್ತೇನೆ. ಚೀಲದ ಪ್ರಾಣಿಗಳಿಗೆ ಹುಟ್ಟು ಎರಡು ಸಲ. ಮೊದಲನೆಯದು ಯಾರ ಕಣ್ಣಿಗೂ ಬೀಳದು — ಬೀನ್ಸ್ ಕಾಳಿನಷ್ಟು ಗುಲಾಬಿ ಜೀವ, ತಾನೇ ತೆವಳಿ ಅಮ್ಮನ ಚೀಲ ಸೇರುತ್ತದೆ. ಸುಮಾರು ಆರು ತಿಂಗಳ ಮೇಲೆ ಚೀಲದಿಂದ ತಲೆ ಹೊರಗೆ ಹಾಕುತ್ತದೆ. ಕೀಪರ್‌ಗಳು ಕಾರ್ಡಿನಲ್ಲಿ ಬರೆಯುವುದು ಆ ತಲೆ ಕಂಡ ದಿನವನ್ನು. 2020ರಲ್ಲಿ ಝೂ ಮುಚ್ಚಿದ್ದಾಗ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದವಳು ನಾನು. ಕಂಪ್ಯೂಟರ್ ಕೇಳಿದ್ದು ಹುಟ್ಟಿದ ದಿನ. ನಾನು ತಲೆ ಕಂಡ ದಿನ ಕೊಟ್ಟೆ. ಬೇಗ ಮುಗಿಸಿದೆ ಅಂತ ಶಾಭಾಸ್‌ಗಿರಿ ಬೇರೆ ಸಿಕ್ಕಿತು.

ಎರಡು ವರ್ಷದ ಹಿಂದೆಯೇ ಗೊತ್ತಾಗಿತ್ತು. ಸುಮ್ಮನಿದ್ದೆ. ಆದರೆ ಈಗ ಕ್ರಂಪೆಟ್ ಎಂಬ ಹೆಣ್ಣು ವಾಲಬಿ ಇದ್ದಾಳೆ.

ಕ್ರಂಪೆಟ್ ತಲೆ ಕಂಡದ್ದು 2019ರ ಅಕ್ಟೋಬರ್ 12. ನನ್ನ ಲೆಕ್ಕದಲ್ಲಿ ಅವಳು ನೆಡ್ ಎಂಬ ಗಂಡಿನ ಮಗಳು. ಚೀಲದ ಆರು ತಿಂಗಳು, ಗರ್ಭದ ಒಂದು ತಿಂಗಳು ಹಿಂದೆ ಹೋದರೆ? ಆ ವರ್ಷ ಮಾರ್ಚ್ 6ಕ್ಕೆ ಡಿಗ್ಗರ್ ಅನ್ನುವ ಗಂಡು ಇಲ್ಲಿಂದ ಹೋಯಿತು, 14ಕ್ಕೆ ನೆಡ್ ಬಂದ. ಆ ಎಂಟು ದಿನದ ಅತ್ತ ಅಥವಾ ಇತ್ತ. ಈ ಮಾರ್ಚಿನಲ್ಲಿ, ನನ್ನ ದಾಖಲೆ ನಂಬಿ, ಕ್ರಂಪೆಟ್‌ಗೆ ಬೋಸನ್ ಎಂಬ ಗಂಡನ್ನು ತಂದು ಜೋಡಿ ಮಾಡಿದರು. ಬೋಸನ್ ಡಿಗ್ಗರ್‌ನ ಮಗ. ಅವಳೂ ಡಿಗ್ಗರ್‌ನ ಮಗಳಾದರೆ ಅಣ್ಣ ತಂಗಿಯನ್ನು ಕೂಡಿಸಿದ ಹಾಗಾಯಿತು. ಚೀಲದಲ್ಲಿ ಮರಿ ಆಗಲೇ ಇದೆ. ತಂದೆ ಯಾರೆಂದು ಖಚಿತವಾಗದಿದ್ದರೆ ಅವಳನ್ನೂ ಆ ಮರಿಯನ್ನೂ ತಳಿ ಪಟ್ಟಿಯಿಂದ ತೆಗೆದುಬಿಡುತ್ತಾರೆ. ಕಾಡಿನಲ್ಲಿ ಉಳಿದಿರುವುದೇ ಇಷ್ಟು, ಅದರಲ್ಲೂ ನನ್ನ ಕೈಯಿಂದ ಎರಡು ನಷ್ಟ.

ಗುರುವಾರ, ಆಗಸ್ಟ್ 7

ಹೇಳಿದೆ. ಒಂದೇ ಉಸಿರಿಗೆ, ಬಾಗಿಲು ಹಾಕಿಕೊಂಡು. ಬ್ರೈಡೀಗೆ ಮೂವತ್ತನಾಲ್ಕು, ನನಗೆ ಐವತ್ತೇಳು. ಅವಳ ಮುಂದೆ ಶಾಲೆಯ ಹುಡುಗಿಯಂತೆ ಕೈಕಟ್ಟಿ ನಿಂತಿದ್ದೆ.

ನನ್ನ ಹಂತಗಳ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅದಕ್ಕೇನಾ ವಾಲಬಿಗಳನ್ನ ಕೊನೇಗೆ ಇಟ್ಟಿದ್ದು?"

"ಹೌದು."

"ನಾನೇನೋ ವಾಲಬಿ ನೋಡ್ಕೊಳ್ಳೋ ನೆವ್ ಕಂಪ್ಯೂಟರ್ ಮುಟ್ಟಲ್ಲ ಅಂತ ಕೂತಿದಾನಲ್ಲ, ಅವನಿಗೆ ಹೆದರಿ ಅಂದ್ಕೊಂಡಿದ್ದೆ." ಪೆನ್ನು ತೆಗೆದು ನನ್ನ ಪಟ್ಟಿಯ ಮೇಲೆ ದೊಡ್ಡ ಬಾಣ ಹಾಕಿದಳು, ಕೆಳಗಿನಿಂದ ಮೇಲಕ್ಕೆ. "ಎಲ್ಲಿ ಹೆದರಿಕೆ ಇದೆಯೋ ಅಲ್ಲಿಂದ್ಲೇ ಶುರು ಮಾಡೋಣ. ವಾಲಬಿಗಳೇ ಮೊದಲ ಹಂತ. ಹಕ್ಕಿಗಳು ಎಲ್ಲಿ ಹೋಗ್ತಾವೆ, ಕಾಯ್ಲಿ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ.

ಮೇಲಿನವರಿಗೆ ಸೋಮವಾರ ತಿಳಿಸಲೇಬೇಕು ಅಂದಳು. ಅಷ್ಟರೊಳಗೆ ಬೇರೆ ಪುರಾವೆ ಏನಾದರೂ ಇದೆಯೇ ನೋಡಬೇಕು.

ಶುಕ್ರವಾರ, ಆಗಸ್ಟ್ 8

ಹತ್ತೂವರೆಯ ಚಹಾ ಹೊತ್ತಿಗೆ ಮೇವಿನ ಕೋಣೆಗೆ ಹೋದೆ. ನೆವ್ ಅಲ್ಲಿ ಮೂವತ್ತೊಂದು ವರ್ಷದಿಂದ ವಾಲಬಿಗಳ ಯಜಮಾನ. ಸಿಹಿಗೆಣಸು ಹೆಚ್ಚುತ್ತಿದ್ದ. ಎಲ್ಲ ಹೇಳಿದೆ.

"ಅಯ್ಯೋ ನಿನ್ನ! ಮರಿ ತಲೆ ಹಾಕಿದ ದಿನ ಹುಟ್ಟಿತು ಅಂತ ಬರ್ದ್ಯಾ? ನಮ್ಮಜ್ಜಿಗೂ ಗೊತ್ತಿತ್ತಲ್ಲೇ."

"ನಿಮ್ಮಜ್ಜಿ ಈ ಕೆಲಸಕ್ಕೆ ಅರ್ಜಿ ಹಾಕಿರ್ಲಿಲ್ಲ ಕಣೋ, ನಾನು ಹಾಕಿದ್ದೆ."

ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ: "ಕ್ರಂಪೆಟ್‌ದು?"

"ಅದೇ. ಆ ಮಾರ್ಚ್, ಏಪ್ರಿಲಲ್ಲಿ ಅವಳಮ್ಮನ ಚೀಲ ಯಾರಾದ್ರೂ ನೋಡಿದ್ರಾ? ಕಾರ್ಡಲ್ಲಿ ಏನೂ ಇಲ್ಲ."

"ಕಾರ್ಡಲ್ಲಿ ಹ್ಯಾಗಿರತ್ತೆ? ಮರಿ ಇದ್ರೆ ಕಾರ್ಡು. ಇಲ್ದಿದ್ರೆ ಏನಂತ ಬರಿಯೋದು, ಏನೂ ಆಗ್ಲಿಲ್ಲ ಅಂತ್ಲಾ? ಖಾಲಿ ಚೀಲ ಎಲ್ಲ ಬಾಗ್ಲ ಮೇಲೆ ಬರೀತಿದ್ವಿ."

ತಿರುಗಿ ಬಾಗಿಲು ನೋಡಿದೆ. ಹೊಸ ಬಿಳಿ ಬಾಗಿಲು. ಒಂದು ಗೆರೆಯೂ ಇಲ್ಲ.

"ಇದಲ್ಲ ಕಣೇ. ಹಳೇದು. ಹೋದ ವರ್ಷ ಕಿತ್ತು ಹಾಕಿದ್ರಲ್ಲ. ಒಳ್ಳೇ ಗಟ್ಟಿ ಹಲಗೆ, ಬಿಸಾಡೋಕೆ ಮನಸ್ಸು ಬರ್ಲಿಲ್ಲ. ನಮ್ಮ ಕೋಳಿಗೂಡಿಗೆ ಹಾಕಿದೀನಿ."

"ಬಣ್ಣ ಬಳಿದೆಯಾ?"

ಗೆಣಸು ಹೆಚ್ಚುವುದನ್ನು ನಿಲ್ಲಿಸಿದ. "ಹೊರಗಡೆಗೆ ಬಳಿದೆ. ಒಳಗಡೆ... ಒಳಗಡೆ ಕೋರಲ್ ಬಳೀತೀನಿ ಅಂತಿದ್ಲು. ಬಳಿದ್ಲೋ ಇಲ್ವೋ."

ಕೋರಲ್ ಅವನ ಹೆಂಡತಿ. ತಂಗಿಯ ಮನೆಗೆ ಹೋಗಿದ್ದಾಳೆ, ಫೋನ್ ಎತ್ತುವವಳಲ್ಲ. ಬೆಳಿಗ್ಗೆ ಕೋಳಿ ಬಿಡುವುದು, ಸಂಜೆ ಗೂಡು ಮುಚ್ಚುವುದು ಪಕ್ಕದ ಮನೆಯವರು, ಅವರ ನಂಬರ್ ನೆವ್ ಹತ್ತಿರ ಇಲ್ಲ. ನೆವ್ ನಾಳೆ ರಾತ್ರಿವರೆಗೂ ಡ್ಯೂಟಿಯಲ್ಲಿ, ಇಲ್ಲೇ ಕ್ವಾರ್ಟರ್ಸಿನಲ್ಲಿ ಮಲಗುತ್ತಾನೆ. ಮನೆ ತೊಂಬತ್ತು ಕಿಲೋಮೀಟರ್. ಭಾನುವಾರದವರೆಗೆ ಕಾಯಬೇಕು.

ಶನಿವಾರ

ಏನೂ ಬರೆಯಲಾರೆ. ಒಲೆ ತಿಕ್ಕಿದೆ. ಮತ್ತೆ ತಿಕ್ಕಿದೆ.

ಭಾನುವಾರ, ಆಗಸ್ಟ್ 10. ಮಧ್ಯಾಹ್ನ 1.15, ನೆವ್ ಮನೆಯ ಮುಂದೆ, ಕಾರಿನಲ್ಲಿ

ಬಳಿದಿರಲಿಲ್ಲ!!

ಕೋರಲ್ ಬಣ್ಣ ತಂದಿಟ್ಟಿದ್ದಾಳೆ, ಡಬ್ಬಿ ಗೂಡಿನ ಪಕ್ಕದಲ್ಲೇ ಇದೆ, ಮುಚ್ಚಳ ತೆಗೆದಿಲ್ಲ. ನಿನ್ನೆ ರಾತ್ರಿಯೇ ಊರಿಂದ ಬಂದಳಂತೆ. "ಅವನು ಹಾಕ್ತೀನಿ ಅಂದ ಕೊಟ್ಟಿಗೆ ಬೀಗ ಹಾಕೋವರೆಗೂ ನಾನೂ ಬಳಿಯಲ್ಲ ಅಂತ ಹಟ ಹಿಡಿದಿದ್ದೆ" ಅಂದಳು. ಅವರ ಜಗಳಕ್ಕೆ ನೂರು ವರ್ಷ ಆಯಸ್ಸಾಗಲಿ.

ನಾನು, ಬ್ರೈಡೀ, ನೆವ್ — ಮೂವರೂ ಮಂಡಿಯೂರಿ ಗೂಡಿನೊಳಗೆ. ಬ್ರೈಡೀ ಪೇಟೆಯ ಬೂಟು ಹಾಕಿಕೊಂಡು ಬಂದಿದ್ದಳು, ಪಾಪ. ನೆವ್ ಬ್ರಷ್ಷಿನಿಂದ ಹಿಕ್ಕೆ ಉಜ್ಜುತ್ತಾ ಹೋದ. ಬಡಗಿ ಪೆನ್ಸಿಲಿನ ಸಾಲುಗಳು. 2017. 2018. ಮೊಟ್ಟೆಗೆ ಕೂತ ಕೋಳಿಯೊಂದು ನನ್ನ ಮೊಣಕೈ ಕುಕ್ಕುತ್ತಲೇ ಇತ್ತು.

ಕೆಳಗಿನ ಕೀಲಿನ ಹತ್ತಿರ: *18 ಏಪ್ರಿಲ್ 19. ಮಾರ್ಮಲೇಡ್. ಖಾಲಿ.*

ಮಾರ್ಮಲೇಡ್ ಕ್ರಂಪೆಟ್‌ಳ ಅಮ್ಮ.

ಬ್ರೈಡೀ ಬೆರಳು ಮಡಚಿ ಎಣಿಸಿದಳು. ಗರ್ಭ ಒಂದೇ ತಿಂಗಳು. ಡಿಗ್ಗರ್ ಹೋದದ್ದು ಮಾರ್ಚ್ 6. ಅವನ ಮರಿಯಾಗಿದ್ದರೆ ಏಪ್ರಿಲ್ ಮೊದಲ ವಾರಕ್ಕೇ ಚೀಲದಲ್ಲಿರಬೇಕಿತ್ತು. 18ಕ್ಕೂ ಖಾಲಿ.

"ಗರ್ಭ ತಡೆದು ಇಟ್ಕೊಳ್ತಾವಂತಲ್ಲ ಇವು?" ಅಂದಳು.

"ಚೀಲದಲ್ಲಿ ಇನ್ನೊಂದು ಮರಿ ಹಾಲು ಕುಡೀತಿದ್ರೆ ಮಾತ್ರ" ಅಂದ ನೆವ್. "ಮಾರ್ಮಲೇಡ್‌ಗೆ ಇದು ಚೊಚ್ಚಲು. ಕ್ರಂಪೆಟ್ ನೆಡ್‌ನ ಮಗಳೇ. ಮುಖ ನೋಡಿದ್ರೆ ಗೊತ್ತಾಗಲ್ವಾ, ಅದೇ ಸಿಡುಕು."

ಹೋದ ಜೀವ ಬಂದಂತಾಯಿತು. ಅಲ್ಲೇ ಕೋಳಿಹಿಕ್ಕೆಯ ಮೇಲೆ ಕೂತುಬಿಟ್ಟೆ. ಸಂತೋಷ, ಸಂತೋಷ, ಬೇರೆ ಪದ ಇಲ್ಲ. ಕೋರಲ್ ಸಿಹಿಗುಂಬಳದ ಸ್ಕೋನ್ ಕೊಟ್ಟಳು, ನಾಲ್ಕು ತಿಂದೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ ಅಂತ ಆಗ ನೆನಪಾಯಿತು.

ಸೋಮವಾರ, ಆಗಸ್ಟ್ 11

ಮೇಲಿನವರಿಗೆ ಪತ್ರ ಹೋಯಿತು. ತಪ್ಪು ನನ್ನದೇ ಎಂದು ನಾನೇ ಬರೆದೆ, ಮೊದಲ ಸಾಲಿನಲ್ಲೇ. ಪುರಾವೆಯ ಜಾಗದಲ್ಲಿ ಬ್ರೈಡೀ ಬರೆದದ್ದು: "ಬಾಗಿಲು, ಮರದ್ದು, ಕೋಳಿಗೂಡಿನಲ್ಲಿದೆ. ಫೋಟೋ ಲಗತ್ತಿಸಿದೆ."

ಶುಕ್ರವಾರ, ಆಗಸ್ಟ್ 29

ಮೂರು ವಾರ ಮೂಗಿನ ಮೇಲೆ ಕನ್ನಡಕ, ಮಡಿಲಲ್ಲಿ ಬಾಗಿಲ ಫೋಟೋಗಳು. ಅರವತ್ತೊಂದೂ ಮುಗಿಯಿತು. ತಂದೆ ಬದಲಾದದ್ದು ಇಬ್ಬರಿಗೆ. ಇಬ್ಬರೂ ಮುದಿ ಗಂಡುಗಳು, ಎಂದೂ ಜೋಡಿ ಸಿಗದವರು. ತಪ್ಪು ಜೋಡಿ ಒಂದೂ ಇಲ್ಲ. ಒಂದೂ ಇಲ್ಲ.

ಮೇಲಿನವರಿಂದ ಎಚ್ಚರಿಕೆ ಪತ್ರ ಬಂತು. ನ್ಯಾಯವಾದದ್ದೇ. ಕಡತದಲ್ಲಿ ಹಾಕಿದೆ, ನನ್ನ ಕಡತ ನೋಡಿಕೊಳ್ಳುವವಳೂ ನಾನೇ.

ಸೋಮವಾರ, ಸೆಪ್ಟೆಂಬರ್ 22

ಮೊದಲ ಹಂತ ಶುರು. ಹೊಸದರಲ್ಲಿ ಎರಡು ಬೇರೆ ಬೇರೆ ಕಾಲಮ್: ಹುಟ್ಟಿದ್ದು (ಅಂದಾಜು), ಮೊದಲು ಕಂಡದ್ದು. ಮೂರನೆಯದು ನಾನು ಜಗಳವಾಡಿ ಸೇರಿಸಿದ್ದು — ಚೀಲ ನೋಡಿದ್ದು, ಖಾಲಿ. ಮಿಕ್ಕೆರಡು ಝೂಗಳಿಗೂ ಹೀಗೇ ಹೋಗುತ್ತದಂತೆ, ಚೀಲದ ಪ್ರಾಣಿಗಳೇ ಮೊದಲು.

ನೆವ್ ಟ್ಯಾಬ್ಲೆಟ್ ಹಿಡಿದದ್ದು ನೋಡಬೇಕಿತ್ತು, ಬಿಸಿ ಬಾಣಲೆ ಹಿಡಿದ ಹಾಗೆ. "ಇದರ ಮೇಲೆ ಪೆನ್ಸಿಲಲ್ಲಿ ಬರೆಯೋಕಾಗಲ್ವಾ?" ಅಂದ. ಆದರೆ ಬರೆದ. ಒಂದೇ ಬೆರಳಿನಲ್ಲಿ, ಹನ್ನೊಂದು ನಿಮಿಷ. ಖಾಲಿ, ಖಾಲಿ, ಖಾಲಿ.

ಶುಕ್ರವಾರ, ಅಕ್ಟೋಬರ್ 17. ಬೆಳಿಗ್ಗೆ 10.40

ರೇಡಿಯೋದಲ್ಲಿ ನೆವ್, ಪಿಸುಮಾತಿನಲ್ಲಿ: "ರೇಲೀನ್... ಕ್ರಂಪೆಟ್. ತಲೆ ಹಾಕಿದೆ. ಎರಡು ಕಿವಿ, ಒಂದು ಮೂತಿ."

ಪುಟ ತೆರೆದೆ. ತಾಯಿ: ಕ್ರಂಪೆಟ್. ತಂದೆ: ಬೋಸನ್. ಹುಟ್ಟಿದ್ದು (ಅಂದಾಜು): ಏಪ್ರಿಲ್ ನಡುವೆ.

"ಟೈಪ್ ಮಾಡ್ತಾ ಕೂತ್ಯಾ?" ಮತ್ತೆ ನೆವ್. "ಇಷ್ಟು ವರ್ಷ ಕಾರ್ಡೇ ನೋಡಿದ್ದಾಯ್ತು. ಒಂದ್ಸಲ ಮರಿ ನೋಡು ಬಾರೇ. ಒಳಗೆ ಹೋಗ್ಬಿಡತ್ತೆ."

ಮೊದಲು ಕಂಡದ್ದು: ಇಂದು. ಕಂಡವರು: ನೆವ್, ಮತ್ತು — ತಡಿ, ನನ್ನ ಬೂಟು ಎಲ್ಲಿ