ಡೈನಮೋ ತೆಗೆದ ಮೇಲೆ

ಜುಲೈ ೧೪, ಭಾನುವಾರ

ಪ್ರೀತಿಯ ಪುಟ್ಟು,

ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಅಪ್ಪನ ಮಾತು ಬಂದ ತಕ್ಷಣ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧಕ್ಕೇ ಮಡಿಸಿಟ್ಟರೂ ಮತ್ತೆ ಬಿಚ್ಚಬಹುದಲ್ಲ ಎಂದು ಕೂತಿದ್ದೇನೆ. ನನ್ನ ಕೆಮ್ಮು ಕಡಿಮೆಯಾಗಿದೆ. ಅಪ್ಪ ಇದ್ದಾರೆ, ಅಷ್ಟೇ ಹೇಳಬಲ್ಲೆ. ತಟ್ಟೆಗೆ ಬಡಿಸಿದ್ದರಲ್ಲಿ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ. ಅಮ್ಮ ಕೂರುತ್ತಿದ್ದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಾರೆ.

ಒಂದು ಸುದ್ದಿ ಇದೆ. ಕಾರಿನ ಡೈನಮೋ ತೆಗೆಸಿ, ಇಂಜಿನ್ ನಿಧಾನವಾದರೂ ದೀಪಕ್ಕೆ ಕರೆಂಟು ಕೊಡುವ ಆಲ್ಟರ್ನೇಟರ್ ಹಾಕಿಸಿದೆವು. ಓದಿ ನಿನ್ನ ಮುಖ ಹೇಗಾಗುತ್ತದೋ ಗೊತ್ತು.

ಅಮ್ಮ ಹೋದ ಮೇಲೆ ಶೆಡ್ಡಿಗೆ ಹಾಕಿದ ಬೀಗ ತೆಗೆದಿರಲಿಲ್ಲ. ಹೋದ ವಾರ ಅಪ್ಪ ತಾವೇ ಹೋಗಿ ಫ್ಯೂಸಣ್ಣನನ್ನು ಕರೆದುಕೊಂಡು ಬಂದರು. ಅದೇ, ತಿರುವಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವವನು. ಆತ ಬಾನೆಟ್ ಎತ್ತಿ ಕೇಳಿದ, "ಇನ್ನು ಸ್ಟೀರಿಂಗ್ ಮುಟ್ಟಲ್ಲ ಅಂದ್ರಲ್ಲ ಯಜಮಾನ್ರೇ, ಮತ್ಯಾಕೆ ಈ ಉಸಾಬರಿ?"

"ನಾನು ಮುಟ್ಟಲ್ಲ ಕಣಯ್ಯ. ಮುಂದೆ ಯಾರಾದ್ರೂ ಓಡಿಸ್ತಾರಲ್ಲ. ಗೇಟ್ ಹತ್ರ ದೀಪ ಮಂಕಾಗಬಾರದು."

ಗೇಟಿನ ವಿಷಯ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಏಕೆಂದರೆ ಕಣ್ಣು ಕಾಣದ ಮುದುಕ ಕಂಡಕಂಡಲ್ಲಿ ಗಾಡಿ ನುಗ್ಗಿಸಿದ ಎಂದು ನೀನು ಎಲ್ಲರಿಗೂ ಹೇಳಿದ್ದೀಯ. ನಡೆದದ್ದು ಹಾಗಲ್ಲ. ನಮ್ಮ ಗೇಟಿನ ಮುಂದೆ ಏರು. ಹ್ಯಾಂಡ್ ಬ್ರೇಕ್ ಸಡಿಲವಾದಾಗಿನಿಂದ ಅಪ್ಪ ಮೊದಲ ಗೇರಿನಲ್ಲೇ ಕ್ಲಚ್ಚನ್ನು ಅರ್ಧ ಒತ್ತಿಕೊಂಡು ಕಾರನ್ನು ಹಿಡಿದು ನಿಲ್ಲಿಸುತ್ತಿದ್ದರು. ಅಮ್ಮ ಇಳಿದು ಹೋಗಿ ಚಿಲಕ ಹುಡುಕುವಳು. ಇಂಜಿನ್ ನಿಧಾನವಾದರೆ ಡೈನಮೋ ಕೈಕೊಟ್ಟು ದೀಪ ಕೆಂಪಗಾಗುತ್ತಿತ್ತು. ಆಗ ಅವಳು ಬಾನೆಟ್ ಮೇಲೆ ಎರಡು ಸಲ ತಟ್ಟಿದರೆ ಅಪ್ಪ ಆಕ್ಸಿಲರೇಟರ್ ಒತ್ತುವರು, ಬೆಳಕು ಏರುವುದು. "ಓಡಿದ್ರೆ ಬೆಳಕು, ನಿಂತ್ರೆ ತೂಕಡಿಕೆ. ನಿಮ್ಮ ವಂಶದ್ದೇ ಗಾಡಿ ಬಿಡಿ," ಎನ್ನುತ್ತಿದ್ದಳಲ್ಲ. ಆ ಸಂಜೆಯೂ ತಟ್ಟಿದಳು. ಅಪ್ಪ ಒತ್ತಿದರು. ಅದೇ ಹೊತ್ತಿಗೆ ಎಡಗಾಲಿನ ಮಂಡಿ ಹಿಡಿದುಕೊಂಡು ಪಾದ ಕ್ಲಚ್ಚಿನಿಂದ ಜಾರಿತು, ಕಾರು ಮುಂದಕ್ಕೆ ಚಿಮ್ಮಿತು. ಕಾರಿಗೂ ಗೇಟಿಗೂ ನಡುವೆ ಅವಳಿದ್ದಳು.

ಇಷ್ಟೇ ನಡೆದದ್ದು.

ಕೆಲಸ ಇಡೀ ದಿನ ಹಿಡಿಯಿತು. ನಾನು ರಜೆ ಹಾಕಿ ಟಾರ್ಚ್ ಹಿಡಿದು ನಿಂತಿದ್ದೆ. ಹಳೆಯ ಕಾರಲ್ಲವೇ, ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸಿದ್ದಾರೆ. ಅದನ್ನು ತಿರುವುಮುರುವು ಮಾಡದೆ ಆಲ್ಟರ್ನೇಟರ್ ಜೋಡಿಸಿದರೆ ಆ ಕ್ಷಣವೇ ಸುಟ್ಟುಹೋಗುತ್ತದಂತೆ. ಫ್ಯೂಸಣ್ಣ ಅದನ್ನು ತಿರುಗಿಸಿ, ಹೊಸ ದಪ್ಪ ವೈರು ಎಳೆದು, ಚಿಕ್ಕ ಬೆಲ್ಟ್ ಹುಡುಕಿ ತಂದ. ಅಪ್ಪ ಸ್ಟೂಲಿನ ಮೇಲೆ ಕೂತು ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟರು. "ಬಿಡಿ ಯಜಮಾನ್ರೇ, ಬೋಲ್ಟಿಗೇನು ಮದುವೆನಾ?" ಎಂದು ಆತ ನಗಿಸಲು ನೋಡಿದ. ಅಪ್ಪ ತೊಳೆಯುತ್ತಲೇ ಇದ್ದರು.

ಕತ್ತಲಾಗುವ ಹೊತ್ತಿಗೆ ಅಪ್ಪ ಫ್ಯೂಸಣ್ಣನಿಗೆ ಕಾರನ್ನು ಹೊರಗೆ ತೆಗೆದು ಏರಿನ ಮೇಲೆ, ಗೇಟಿಗೆ ಮುಖ ಮಾಡಿ ನಿಲ್ಲಿಸೆಂದರು. ಚಕ್ರಕ್ಕೆ ಕಲ್ಲು ಕೊಡಿಸಿ, ಗೇರ್ ತೆಗೆಸಿ, ದೀಪ ಹಾಕಿಸಿದರು. ಆಮೇಲೆ ತಾವು ಹೋಗಿ ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು. "ಅಪ್ಪಾ, ಬನ್ನಿ ಈಚೆ," ಎಂದೆ. ಕೇಳಿಸಿಕೊಳ್ಳಲಿಲ್ಲ. ಇಂಜಿನ್ ಸಣ್ಣಗೆ ಓಡುತ್ತಿತ್ತು. ದೀಪ ಕದಲಲಿಲ್ಲ. ಚಿಲಕದ ತುಕ್ಕು ಕೂಡ ನನಗೆ ದೂರದಿಂದಲೇ ಕಾಣಿಸುತ್ತಿತ್ತು. ಅಪ್ಪ ಚಿಲಕ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ಹಿಂದಿರುಗಿ ಬಾನೆಟ್ ಮೇಲೆ ಎರಡು ಸಲ ತಟ್ಟಿದರು.

ಫ್ಯೂಸಣ್ಣನಿಗೆ ಅರ್ಥವಾಗಲಿಲ್ಲ. "ಏನು ಮಾಡ್ಲಿ ಯಜಮಾನ್ರೇ?" ಎಂದ.

"ಏನೂ ಮಾಡ್ಬೇಡ. ಏನೂ ಮಾಡೋದು ಬೇಕಾಗಿಲ್ಲ ಇನ್ನು," ಎಂದು ಒಳಗೆ ಹೋಗಿ ಮಲಗಿಬಿಟ್ಟರು.

ಕಾರು ನಿನಗೇ ಅಂತೆ. ಬಿಚ್ಚಿದ ಡೈನಮೋ ಒರೆಸಿ, ಆಲ್ಟರ್ನೇಟರಿನ ಖಾಲಿ ಡಬ್ಬದಲ್ಲಿ ಹಳೇ ಪೇಪರ್ ಸುತ್ತಿ ಇಟ್ಟಿದ್ದಾರೆ. ಅವನಿಗೆ ಬೇಕೆನಿಸಿದರೆ ವಾಪಸ್ ಹಾಕಿಸಿಕೊಳ್ಳಲಿ ಎಂದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಗುವಿಗೆ ಒಂದು ಮುತ್ತು ಕೊಡು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಕೊನೆಗೆ ಉಳಿಸಿಕೊಂಡೆ. ಆಲ್ಟರ್ನೇಟರ್ ಹೊಸದಾಗಿ ಕೊಂಡದ್ದಲ್ಲ. ಅಮ್ಮ ಹಟ ಹಿಡಿದು ಹೋದ ವರ್ಷವೇ ತರಿಸಿದ್ದಳು. ಅದನ್ನು ಹಾಕಬೇಕೆಂದಿದ್ದ ವಾರವೇ ನೀನು ಬಂದಿದ್ದೆ. "ಒರಿಜಿನಲ್ ಕೆಡಿಸಿದ್ರೆ ಈ ಕಾರು ನನಗೆ ಬೇಡವೇ ಬೇಡ, ನಾನೂ ಈ ಕಡೆ ಬರಲ್ಲ," ಎಂದು ನೀನು ಹೇಳಿದೆ. ನೀನು ಊರು ಬಿಡುವ ಮೊದಲೇ ಅಪ್ಪ ಡಬ್ಬವನ್ನು ಬೆಂಚಿನ ಕೆಳಗೆ ತಳ್ಳಿದರು. ಆಸ್ಪತ್ರೆಯಲ್ಲಿ "ನೀವೇ ಕೊಂದಿದ್ದು" ಎಂದು ನೀನು ಕೂಗಿದಾಗ ಅವರು ಈ ಮಾತು ಎತ್ತಲಿಲ್ಲ. ನಾನು ಬಾಯಿ ತೆರೆಯಹೋದರೆ ಕೈ ಹಿಡಿದು ಅದುಮಿದರು. ಮನೆಗೆ ಬಂದು ಹೇಳಿದರು, "ನನ್ನ ಮೇಲೆ ಸಿಟ್ಟು ಇಟ್ಕೊಂಡು ಅವನು ಬದುಕ್ತಾನೆ. ತನ್ನ ಮೇಲೇ ಸಿಟ್ಟು ಬಂದ್ರೆ ಬದುಕೋದು ಕಷ್ಟ. ಹೇಳ್ಬೇಡ." ಹೇಳಬಾರದೆಂದೇ ಇದ್ದೆ. ಆದರೆ ನಿನ್ನ ಪಾಲನ್ನೂ ಹೊತ್ತುಕೊಂಡು ಅವರು ಹೆಚ್ಚು ದಿನ ಉಳಿಯುವುದಿಲ್ಲ ಪುಟ್ಟು. ಬಾ. ನಿನಗೆ ಗೊತ್ತಾಗಿದೆ ಎಂದು ಮಾತ್ರ ಅವರಿಗೆ ತೋರಿಸಬೇಡ.