ಇನ್ನೂರ ಹದಿನಾಲ್ಕನೇ ಹಂತ

ರಾಬಿನ್‌ವೇಲ್, ವಿಕ್ಟೋರಿಯಾ
ಮಾರ್ಚ್ ಇಪ್ಪತ್ತೆರಡು, ಶನಿವಾರ

ನನ್ನ ವಿಕಾ ಅಕ್ಕಾ,

ಊರು, ತಾರೀಖು ಮೊದಲು ಹಾಕ್ಬೇಕು ಅಂತ ಕಲಿಸಿದವಳು ನೀನೇ, ಅದಕ್ಕೇ ಬಾಯಲ್ಲಿ ಹೇಳೋ ಪತ್ರಕ್ಕೂ ಹೇಳಿದೀನಿ. ಹೇಗಿದೀಯಾ? ಚಾಪೆ ಹೆಣೆದೂ ಹೆಣೆದೂ ಸೊಂಟ ನೋವು ಅಂತ ಅಮ್ಮ ಹೇಳಿದ್ಲು, ಎಣ್ಣೆ ಬಿಸಿ ಮಾಡಿ ತಿಕ್ಕಿಸ್ಕೋತಿದ್ಯಾ ಇಲ್ವಾ? ಪುವಾಗೆ ದವಡೆ ಹಲ್ಲು ಬಂದಿದ್ಯಂತೆ, ಫೋಟೋ ಕಳಿಸು. ಚಿಕ್ಕವನ ಕೆಮ್ಮು ಬಿಡ್ತಾ? ನಿಮ್ಮ ವವಾವು ದ್ವೀಪದಲ್ಲಿ ಮಳೆ ನಿಂತಿದ್ಯಾ? ನಾನು ಚೆನ್ನಾಗಿದೀನಿ. ಬೆರಳು ಮಾತ್ರ ದ್ರಾಕ್ಷಿ ಕತ್ತರಿಯಿಂದ ಅಲ್ಲಲ್ಲಿ ಕುಯ್ದಿದೆ, ಅದೇನು ದೊಡ್ಡದಲ್ಲ.

ಇದನ್ನ ವ್ಯಾನಿನೊಳಗೆ ಕೂತ್ಕೊಂಡು ಮಾತಾಡ್ತಾ ಇದೀನಿ. ಕೋಣೇಲಿ ಆರು ಜನ. ಫೋನ್ ಹಿಡ್ಕೊಂಡು "ಅಕ್ಕಂಗೆ" ಅಂದೆ ನೋಡು, ಪಾಪ, ಎಲ್ರೂ ಬಾಯಿ ಮುಚ್ಕೊಂಡ್ರು. ಅಷ್ಟೊತ್ತು ಅವರು ಆಡ್ತಿದ್ದ ಮಾತು ನಿನ್ನ ಕಿವಿಗೆ ಬಿದ್ರೆ ನಾನು ಹದಿನೈದು ದಿನ ತಲೆ ಎತ್ತಕ್ಕಾಗ್ತಿರಲಿಲ್ಲ. ಕೋಲಿಯೋ ಇದಾನಲ್ಲ, ನಮ್ಮ ತಂಡದ ಹಿರಿಯ, ಐವತ್ತು ದಾಟಿದೆ, ಅವನೇ ಬೈದ: "ಹೊರಗೆ ಹೋಗಿ ಮಾತಾಡೋ ಮಾರಾಯ! ನಿಮ್ಮಕ್ಕ ಫೋನೊಳಗೆ ಕೂತಿದ್ರೆ ನಾವು ಒಂದು ಜೋಕ್ ಹೇಳೋ ಹಂಗಿಲ್ಲ, ಒಂದು ಹೂಸು ಬಿಡೋ ಹಂಗಿಲ್ಲ." ಅಯ್ಯೋ, ಅದನ್ನೇ ನಿನಗೆ ಹೇಳ್ಬಿಟ್ಟೆ. ಕ್ಷಮಿಸು. ಅಳಿಸೋಕೆ ಬರಲ್ಲ ಇದರಲ್ಲಿ.

ಅಕ್ಕಾ, ಒಂದು ವಿಷಯ ಹೇಳ್ಬೇಕು. ಮಂಗಳವಾರದಿಂದ ಹೇಳ್ಬೇಕು ಹೇಳ್ಬೇಕು ಅಂತ ಮೂರು ಸಲ ಶುರು ಮಾಡಿ ಬಿಟ್ಟೆ. ಚಿಕ್ಕಮ್ಮನ ಮಗ ತಾನಿಯೇಲಾ ಈ ಸಲ ಕೊಯ್ಲಿಗೆ ಬಂದಿದಾನೆ. ಅಮ್ಮ ಅವನ ಕೈಲಿ ಗಂಟು ಕಟ್ಟಿ ಕಳಿಸಿದ್ಲು. ಗೆಣಸು, ಹಲಸಿನ ಚಿಪ್ಸ್ ಎಲ್ಲಾ ವಿಮಾನ ನಿಲ್ದಾಣದಲ್ಲೇ ಕಿತ್ಕೊಂಡ್ರಂತೆ. ಕೊಬ್ಬರಿ ಎಣ್ಣೆ ಬಾಟ್ಲಿ ಬಂತು. ಅದಕ್ಕೆ ಸುತ್ತಿದ್ದ ಟವೆಲ್ಲೊಳಗೆ ನಮ್ಮ ಪುಸ್ತಕ ಬಂತು. ನೀಲಿ ರಟ್ಟು, ಮೂಲೇಲಿ ಇಲಿ ಕಡಿದಿರೋದು. "ನಿನ್ನ ಹಳೇ ಆಟದ ಪುಸ್ತಕ, ಟ್ರಂಕಲ್ಲಿ ಸಿಕ್ತು, ಬೇಜಾರಾದಾಗ ನೋಡ್ಕೋ ಅಂತ ಹಾಕಿದೀನಿ" ಅಂತ ಅಮ್ಮ ಹೇಳಿ ಕಳಿಸಿದ್ಲು.

ನೋಡ್ದೆ. ಮೊದಲು ನಕ್ಕೆ, ಸತ್ಯವಾಗ್ಲೂ. ನಿನಗೆ ನೆನಪಿದ್ಯಾ, ಆಕ್ಲೆಂಡಿಂದ ಮಾವ ಡ್ರಮ್ಮಲ್ಲಿ ಮಾಂಸದ ಡಬ್ಬಿಗಳ ಮಧ್ಯೆ ಕಂಪ್ಯೂಟರ್ ಇಟ್ಟು ಕಳಿಸಿದ್ದು? ಮನೆಗೆ ಒಂದೇ ಪೆಟ್ಟಿಗೆ, ಮುಂದಿನ ಕೋಣೇಲಿ. ನನಗೆ ಆಗಲೇ ಮೀಸೆ ಚಿಗುರಿತ್ತು, ಹುಡುಗರ ಗುಡಿಸಲಲ್ಲಿ ಮಲಗ್ತಿದ್ದೆ. ನಮ್ಮಲ್ಲಿ ಅಕ್ಕ ಅಂದ್ರೆ ಅಷ್ಟು ಮರ್ಯಾದೆ, ನೀನು ಕೂತಿರೋ ಕೋಣೆಗೆ ನಾನು ಬರೋ ಹಾಗಿಲ್ಲ, ಪಕ್ಕ ಕೂತು ಆಡೋದಂತೂ ಕನಸು. ಅಪ್ಪ ಗಡಿಯಾರ ತೋರಿಸಿ ಹೇಳಿದ್ರು: ವಿಕಾ ನಾಲ್ಕರಿಂದ ಆರು, ಫೆಲೆಟಿ ಪ್ರಾರ್ಥನೆ ಆದ್ಮೇಲೆ ಎಂಟರವರೆಗೆ. ಆಟದ ಖಾತೆ ಒಂದೇ, ಇಬ್ಬರಿಗೂ ಸೇರಿ ಪಾತ್ರ ಒಂದೇ. ಕೊಲೊವಾಯಿ ಊರಿನ ಮರಗಳಲ್ಲಿ ಜೋತು ಬಿದ್ದಿರ್ತಾವಲ್ಲ ಬಾವಲಿಗಳು, ನಮ್ಮ ಮಾತಲ್ಲಿ ಅದಕ್ಕಿರೋ ಹೆಸರೇ ಇಟ್ವಿ, ಪೆಕಾ. ನೀನು ಬಿಟ್ಟ ಜಾಗದಿಂದ ನಾನು ಆಡೋದು, ನಾನು ಬಿಟ್ಟ ಜಾಗದಿಂದ ನೀನು. ಮುಂದೆ ಏನು ಮಾಡ್ಬೇಕು ಅಂತ ತಿಳೀಬೇಕಲ್ಲ, ಅದಕ್ಕೆ ನೀನು ಈ ಪುಸ್ತಕ ಶುರು ಮಾಡ್ದೆ. ಪರೀಕ್ಷೆಗೆ ಗೈಡ್ ಇರುತ್ತಲ್ಲ, ಹಾಗೆ ಪೆಕಾಗೆ ಗೈಡ್. ಎಡಗಡೆ ಪುಟ ನಿಂದು, ಬಲಗಡೆ ನಂದು.

ಹನ್ನೆರಡನೇ ಹಂತ ಓದ್ತೀನಿ ಕೇಳು: "ಬಾವಿ ಹತ್ರ ಇರೋ ಅಜ್ಜನ ಜೊತೆ ಮಾತಾಡು. ಅವನ ಮಾತು ಪೂರ್ತಿ ಓದು, ಹಾರಿಸ್ಬೇಡ, ಅವನ ಹೆಂಡ್ತಿ ತೀರ್ಕೊಂಡಿದಾಳೆ. ಕಾಡುಹಂದಿ ಹತ್ತು ಹೊಡಿ. ಹನ್ನೊಂದನೇದು ಮುಟ್ಬೇಡ, ಅದಕ್ಕೆ ಮರಿ ಇದೆ. ಆಮೇಲೆ ಹೊರಗೆ ಹೋಗಿ ಅಮ್ಮನ ಬಟ್ಟೆ ಒಳಗೆ ತಾ, ಮೋಡ ಆಗಿದೆ." ನಾನು ಬಲಗಡೆ ಬರೆದಿದೀನಿ: "ಹತ್ತು ಆಯ್ತು. ಬಟ್ಟೆ ನೆಂದೋಯ್ತು. ಅಮ್ಮ ಹೊಡೆದ್ಲು. ತಪ್ಪು ನಿಂದು." ಎಂಬತ್ತೊಂದನೇ ಹಂತದ ಕೆಳಗೆ ನೀನು ಬರೆದಿದೀಯ, "ಅಪ್ಪ ನಿನಗೆ ಹೊಡೆದಿದ್ದು ಗೊತ್ತು. ಗೋಡೆ ಆಚೆಯಿಂದ ಕೇಳಿಸ್ತು. ಇವತ್ತು ಯಾರನ್ನೂ ಹೊಡೀಬೇಡ, ಮೀನು ಹಿಡಿ ಸಾಕು." ಅವತ್ತು ಪೆಕಾ ಎಂಟಾಗೋವರೆಗೂ ಕೆರೆ ದಡದಲ್ಲಿ ಮೀನು ಹಿಡಿದು ಕೂತಿತ್ತು. ಎದುರೆದುರು ನಾವಿಬ್ರೂ ಇಷ್ಟು ಮಾತು ಯಾವತ್ತು ಆಡಿದ್ವಿ, ಹೇಳು? ಊಟಕ್ಕೆ ಕರೆಯೋದು, ದೀಪ ಆರಿಸೋದು, ಅಷ್ಟೇ. ಎರಡು ವರ್ಷದಲ್ಲಿ ಪೆಕಾ ನಲವತ್ತೊಂದನೇ ಲೆವೆಲ್ಲಿಗೆ ಬಂದಿತ್ತು. ಅರವತ್ತಕ್ಕೆ ಆಟದ ಕೊನೆ. ಬೇರೆಯವರು ಮೂರು ತಿಂಗಳಲ್ಲಿ ಮುಗಿಸ್ತಾರೆ ಅಂತ ಹುಡುಗರು ಆಡ್ಕೋತಿದ್ರು, "ನಿಮ್ಮ ಬಾವಲಿ ಹಾರಲ್ಲ, ತೆವಳುತ್ತೆ" ಅಂತ.

ಆಮೇಲೆ ಇಲ್ಲಿಗೆ ಕೊಯ್ಲು ಕೆಲಸಕ್ಕೆ ಬರೋರ ಪಟ್ಟೀಲಿ ನನ್ನ ಹೆಸರು ಬಂತು. ಹದಿನೈದೇ ದಿನ ಇತ್ತು. ಹೋಗೋ ಮುಂಚೆ ನಿನಗೆ ಏನಾದ್ರೂ ಕೊಡ್ಬೇಕು ಅಂತ ತಲೇಲಿ ಹೊಕ್ಕಿತು. ನೀನೂ ಅಮ್ಮನೂ ಚರ್ಚಿನ ಸಮ್ಮೇಳನಕ್ಕೆ ವವಾವುಗೆ ಹೊರಟ್ರಿ, ಗುರುವಾರ ಹೋಗಿ ಮಂಗಳವಾರ ಬರೋದು. ಪೇಟೆ ಅಂಗಡಿ ಹುಡುಗ ನನಗೆ ಮೂವತ್ತು ಹಾಳೆ ಪ್ರಿಂಟ್ ಹಾಕ್ಕೊಟ್ಟ. ಯಾರೋ ಎಲ್ಲಿಯವನೋ ಬರೆದ ಗೈಡ್, ಬೇಗ ಲೆವೆಲ್ ಏರಿಸೋಕೆ. ಯಾವ ಕೆಲಸ ಹಿಡೀಬೇಕು, ಯಾವುದು ದಂಡ, ಯಾವ ಜಾಗದಲ್ಲಿ ಬೇಕೂಂತಲೇ ಸಾಯ್ಬೇಕು, ಯಾಕಂದ್ರೆ ಸತ್ರೆ ಮುಂದಿನ ಊರಲ್ಲಿ ಎದ್ದೇಳ್ತೀವಿ, ನಡೆಯೋ ಸಮಯ ಉಳಿಯುತ್ತೆ. ಮೊದಲನೇ ಹಾಳೇಲಿ ದಪ್ಪ ಅಕ್ಷರದಲ್ಲಿ, "ಯಾರ ಮಾತೂ ಓದಬೇಡಿ, ಒತ್ತಿ ಮುಂದೆ ಹೋಗಿ." ಆ ಹಾಳೆಗಳನ್ನ ಅಂಗಿಯೊಳಗೆ ಇಟ್ಕೊಂಡು ನಾನು ಅಂಗಳದಲ್ಲಿ ನಿಂತಿದ್ದೆ. ನೀನು ಚಾಪೆ ಸುರುಳಿ ಹೆಗಲಿಗೆ ಹಾಕ್ಕೊಂಡು ಹೊರಗೆ ಬಂದೆ. ನನ್ನ ಕಡೆ ನೋಡದೆ, ಹೊಸ್ತಿಲ ಕಡೆ ನೋಡ್ಕೊಂಡು ಹೇಳ್ದೆ, "ಪುಸ್ತಕ ಮೇಜಿನ ಮೇಲಿದೆ. ಇವತ್ತಿನ ಹಂತ ದೊಡ್ಡದು. ನಿಧಾನಕ್ಕೆ ಓದು." ನಾನು "ಹೂಂ" ಅಂದೆ.

ಆ ಹೂಂ ಇನ್ನೂ ಬಾಯಲ್ಲಿ ಸಿಕ್ಕಾಕ್ಕೊಂಡಿದೆ ಅಕ್ಕಾ.

ಪುಸ್ತಕ ತೆಗೀಲೇ ಇಲ್ಲ. ಮೇಜು ಒರಟು ಅಂತ ಅದರ ರಟ್ಟಿನ ಮೇಲೇ ಮೌಸ್ ಇಟ್ಕೊಂಡು ಆಡ್ದೆ. ಐದು ದಿನ. ನಿನ್ನ ನಾಲ್ಕರಿಂದ ಆರು ಗಂಟೆನೂ ನಾನೇ ತಿಂದೆ. ಅಪ್ಪ ಏನೂ ಅನ್ಲಿಲ್ಲ, ಹೋಗೋ ಹುಡುಗ ಅಂತ. ನಲವತ್ತೈದು, ಐವತ್ತು, ಐವತ್ತಾರು. ಎಷ್ಟು ಮುದುಕರು, ಎಷ್ಟು ವಿಧವೆಯರು ದಾರೀಲಿ ಕೈ ಮುಗಿದು ಕಥೆ ಹೇಳೋಕೆ ಬಂದ್ರು, ಎಲ್ರನ್ನೂ ಒತ್ತಿ ಮುಂದೆ ಹೋದೆ. ಕುದುರೆ ಸಿಕ್ತು, ಬಂಗಾರದ ಕವಚ ಸಿಕ್ತು. ಮಂಗಳವಾರ ಬೆಳಗ್ಗೆ ಪೆಕಾ ಅರವತ್ತಾಗಿ ಕೊನೇ ಕೋಟೆ ಮೇಲೆ ನಿಂತಿತ್ತು. ನೀನು ಕುಣಿದಾಡ್ತೀಯ ಅಂದ್ಕೊಂಡಿದ್ದೆ.

ನಾಲ್ಕು ಗಂಟೆಗೆ ನೀನು ಹೋಗಿ ಕೂತೆ. ನಾನು ಆಚೆ ಹಲಸಿನ ಮರಕ್ಕೆ ಒರಗಿ ಕಿವಿ ಕೊಟ್ಟು ನಿಂತಿದ್ದೆ. ಕೀಲಿ ಒತ್ತೋ ಸದ್ದೇ ಇಲ್ಲ. ಎಷ್ಟೋ ಹೊತ್ತಾದ್ಮೇಲೆ ನಾನೇ ಗೋಡೆ ಆಚೆಯಿಂದ ಕೂಗ್ದೆ, "ಹೇಗಿದೆ?" ನೀನು "ಚೆನ್ನಾಗಿದೆ" ಅಂದೆ. ಕುರ್ಚಿ ಎಳೆದ ಸದ್ದಾಯ್ತು. ನೀನು ಹೊರಗೆ ಬಂದು ಒಣಗಿರದ ಬಟ್ಟೆಗಳನ್ನೆಲ್ಲ ಒಳಗೆ ತಗೊಂಡು ಹೋದೆ. ಅವತ್ತಿಂದ ನಾಲ್ಕು ಗಂಟೆ ಕುರ್ಚಿ ಖಾಲಿ. ಪುಸ್ತಕ ಎಲ್ಲಿ ಅಂತ ನಾನು ಕೇಳ್ಲಿಲ್ಲ. ಪಾತ್ರ ಅರವತ್ತಾದ್ಮೇಲೆ ಗೈಡ್ ಯಾಕೆ ಬೇಕು ಅಂತ ನನ್ನ ಲೆಕ್ಕ. ನಾನು ಇಲ್ಲಿಗೆ ಬಂದ ಐದನೇ ವಾರ ನಿನ್ನ ಮದುವೆ ಫೋಟೋ ಬಂತು. ನಮ್ಮ ಮದುವೆ ಹೆಣ್ಣಿಗೆ ಉಡಿಸೋ ನಾರುಬಟ್ಟೆ, ಚಾಪೆ ಎಲ್ಲಾ ಸುತ್ತಿ ನಿನ್ನ ಮುಖ ಇಷ್ಟೇ ಇಷ್ಟು ಕಾಣ್ತಿತ್ತು. ಕೋಲಿಯೋ ನೋಡಿ, "ನಿಮ್ಮಕ್ಕ ರಾಣಿ ಥರ ಇದಾಳಲ್ಲೋ" ಅಂದ. ನಾನು ಕೊಯ್ಲಿನ ಡಬ್ಬ ತಲೆ ಮೇಲೆ ಇಟ್ಕೊಂಡು ಕುಣಿದೆ.

ಮೂರು ವರ್ಷ ಆಯ್ತು. ಮಂಗಳವಾರ ಕೊನೇ ಪುಟ ತೆಗೆದೆ. ಎಡಗಡೆ. ಎಣ್ಣೆ ಜಿನುಗಿ ಅಕ್ಷರ ಸ್ವಲ್ಪ ಹರಡಿದೆ, ಆದ್ರೂ ಓದಕ್ಕೆ ಬರುತ್ತೆ. ಓದ್ತೀನಿ.

"ಹಂತ ಇನ್ನೂರ ಹದಿನಾಲ್ಕು. ಇದು ಆಟ ಅಲ್ಲ ತಮ್ಮಾ. ಇಂಥದ್ದನ್ನ ನಿನ್ನ ಹತ್ರ ಬಾಯಿಬಿಟ್ಟು ಹೇಳಬಾರದು, ನಿನಗೂ ಕೇಳಕ್ಕೆ ನಾಚಿಕೆ. ಅದಕ್ಕೇ ಇಲ್ಲಿ. ವವಾವುವಿನ ಆ ಮನೆಯವರು ನನ್ನನ್ನ ಮದುವೆಗೆ ಕೇಳ್ತಿದಾರೆ. ಒಳ್ಳೆ ಜನ. ನನಗೆ ಈಗ ಬೇಡ. ಸುವಾದಲ್ಲಿ ನರ್ಸ್ ಓದಕ್ಕೆ ಸೀಟು ಸಿಕ್ಕಿದೆ, ಕಾಗದ ಬೈಬಲ್ ಒಳಗಿದೆ. ಅಪ್ಪನ ಮುಂದೆ ನಾನು ಹೇಳಕ್ಕಾಗಲ್ಲ. ನೀನು ಹೇಳು. ಸೋಮವಾರ ಅವರ ಹಿರಿಯರು ನಮ್ಮನೆಗೆ ಮಾತು ಗಟ್ಟಿ ಮಾಡೋ ಕಾವಾ ಕುಡಿಯೋಕೆ ಬರ್ತಾರೆ, ಅದಕ್ಕೆ ಮುಂಚೆ. ಹೇಳಿದ್ರೆ ಪೆಕಾನ ದೊಡ್ಡ ಮರದ ಕೆಳಗೆ ನಿಲ್ಲಿಸು. ನಿನ್ನ ಕೈಲಿ ಆಗಲ್ಲ ಅಂದ್ರೆ ಬಾವಿ ಹತ್ರ ನಿಲ್ಲಿಸು. ನಾನು ಬೇಜಾರು ಮಾಡ್ಕೊಳ್ಳಲ್ಲ. ಹಂದಿಗಳಿಗೆ ನೀರು ಹಾಕು."

ಬಲಗಡೆ ಪುಟ ಖಾಲಿ ಇದೆ.

ರೆಕಾರ್ಡ್ ಕಟ್ ಆಯ್ತು, ಇನ್ನೊಂದು ಸಲ ಶುರು ಮಾಡಿದೀನಿ. ಕೋಲಿಯೋ ಬಂದು ಗಾಜು ತಟ್ಟಿ, "ಅಳ್ತಿದ್ಯಾ?" ಅಂತ ಕೇಳ್ದ, ಈರುಳ್ಳಿ ಅಂದೆ. "ವ್ಯಾನಲ್ಲಿ ಯಾರೋ ಈರುಳ್ಳಿ ಹೆಚ್ಚೋರು" ಅಂತ ಗೊಣಗ್ಕೊಂಡು ತನ್ನ ಜಾಕೆಟ್ ಬಿಚ್ಚಿ ಕೊಟ್ಟು ಹೋದ. ಅಕ್ಕಾ, ನೀನು ಬಂದು ನೋಡಿದಾಗ ಪೆಕಾ ಮರದ ಕೆಳಗೂ ಇಲ್ಲ, ಬಾವಿ ಹತ್ರಾನೂ ಇಲ್ಲ. ಬಂಗಾರ ಹಾಕ್ಕೊಂಡು ಕೋಟೆ ಮೇಲೆ. ನಾನು ನಗ್ತಾ ಇದೀನಿ ಅಂದ್ಕೊಂಡ್ಯಾ? ನಿನ್ನ ಮಾತು ಓದಿ, ಅದನ್ನ ತುಳಿದು, ಮೇಲೆ ಹತ್ತಿ ನಿಂತಿದೀನಿ ಅಂದ್ಕೊಂಡ್ಯಾ? ಮೂರು ವರ್ಷ ನನ್ನ ಪ್ರತಿ ಫೋನಿಗೂ ನೀನು "ಚೆನ್ನಾಗಿದೀವಿ" ಅಂತ ಒಂದೇ ಮಾತು ಹೇಳಿ ಇಟ್ಬಿಡ್ತಿದ್ದೆ. ಸಂಸಾರದ ಗಡಿಬಿಡಿ ಅಂದ್ಕೊಂಡಿದ್ದೆ ನಾನು.

ಇನ್ನೂ ಒಂದಿದೆ. ಇದು ನಿನಗೆ ಗೊತ್ತಿಲ್ಲ, ನೀನು ದೋಣೀಲಿದ್ದೆ. ಆ ಸೋಮವಾರ ಹಿರಿಯರು ಬಂದ್ರು. ಅದೇ ಕೋಣೇಲಿ ಚಾಪೆ ಹಾಕಿ ಕಾವಾ ಬಟ್ಟಲು ಸುತ್ತ ಕೂತ್ರು. ನಾನು ಮೂಲೇಲಿ ಅವರಿಗೆ ಬೆನ್ನು ಹಾಕ್ಕೊಂಡು ಐವತ್ತೆಂಟರಿಂದ ಐವತ್ತೊಂಬತ್ತಕ್ಕೆ ಏರಿಸ್ತಾ ಇದ್ದೆ. ಅಪ್ಪ ಒಂದು ಸಲ "ಆ ಪೆಟ್ಟಿಗೆ ಸದ್ದು ತಗ್ಗಿಸೋ" ಅಂದ್ರು. ತಗ್ಗಿಸ್ದೆ. ಬಟ್ಟಲು ಒಂದು ಸುತ್ತು ಬಂತು. ಅಪ್ಪ ಕೇಳಿದ್ರು, "ಫೆಲೆಟಿ, ನಿಂದೇನಾದ್ರೂ ಇದ್ಯೇನೋ ಹೇಳೋದು?" ಸದ್ದಿನ ಬಗ್ಗೆ ಕೇಳ್ತಿದಾರೆ ಅಂದ್ಕೊಂಡೆ, ಊಟದ ಬಗ್ಗೆ ಅಂದ್ಕೊಂಡೆ, ಏನು ಅಂದ್ಕೊಂಡೆನೋ. ಹಿಂದಕ್ಕೆ ತಿರುಗ್ಲೂ ಇಲ್ಲ. "ಏನೂ ಇಲ್ಲಪ್ಪಾ" ಅಂದೆ. ನನ್ನ ಕೈ ಆಗ ಎಲ್ಲಿತ್ತು ಗೊತ್ತಾ? ಮೌಸ್ ಮೇಲೆ. ಮೌಸ್ ಕೆಳಗೆ ನಿನ್ನ ಪುಸ್ತಕ.

ಭಾವ ಕೆಟ್ಟವನು ಅಂತ ನಾನು ಹೇಳ್ತಿಲ್ಲ. ಅವನು ಹಾಕಿದ ತೆಂಗಿನ ಸಸಿ ಫೋಟೋ ನೋಡಿದೀನಿ, ಕೈ ಒಳ್ಳೇದು ಅವನದು. ಪುವಾ ಇಲ್ದೇ ಇರೋ ಲೋಕ ನನಗೂ ಬೇಡ. ಆದ್ರೆ ಜ್ವರ ಬಂದ ಪಕ್ಕದ ಮನೆ ಮಕ್ಕಳನ್ನೆಲ್ಲಾ ನಿನ್ನ ಹತ್ರಾನೇ ಕರ್ಕೊಂಡು ಬರ್ತಾರೆ ಅಂತ ಅಮ್ಮ ಹೆಮ್ಮೆಯಿಂದ ಹೇಳ್ತಾಳಲ್ಲ, ಮೊನ್ನೆ ಅದನ್ನ ಕೇಳಿ ಚಾರ್ಜ್ ಇಲ್ಲ ಅಂತ ಸುಳ್ಳು ಹೇಳಿ ಫೋನ್ ಇಟ್ಬಿಟ್ಟೆ.

ನಾಳೆ ಭಾನುವಾರ, ಇಲ್ಲಿಯ ನಮ್ಮ ಚರ್ಚಲ್ಲಿ ನಾನು ಹಾಡೋ ಸಾಲಲ್ಲಿದೀನಿ, ಗಂಟಲು ಉಳಿಸ್ಕೋಬೇಕು. ಪುವಾ ಹಣೆಗೆ ನನ್ನ ಹೆಸರಲ್ಲಿ ಒಂದು ಮುತ್ತು, ಚಿಕ್ಕವನ ಪಾದಕ್ಕೆ ಒಂದು. ಭಾವನಿಗೆ ನಮಸ್ಕಾರ ಹೇಳು. ನಿನ್ನ ಸೊಂಟಕ್ಕೆ ಎಣ್ಣೆ, ನಿನ್ನ ಮನೆಗೆ ಮೀನು ಕೊರತೆ ಆಗದೇ ಇರಲಿ ಅಂತ ದೇವರಲ್ಲಿ ಕೇಳ್ಕೋತೀನಿ.

ನಿನ್ನ ತಮ್ಮ,
ಫೆಲೆಟಿ

ಮರೆತಿದ್ದೆ, ಒಂದು ನಿಮಿಷ, ಚಾರ್ಜ್ ಮುಗೀತಾ ಇದೆ. ಇವತ್ತು ಮಧ್ಯಾಹ್ನ ಅಪ್ಪಂಗೆ ಫೋನ್ ಮಾಡಿ ಹೇಳ್ದೆ. ಸುವಾ, ಸೀಟು, ಬೈಬಲ್ ಒಳಗಿನ ಕಾಗದ, ಎಲ್ಲಾ. ಅಪ್ಪ ಫೋನ್ ಹಿಡ್ಕೊಂಡೇ ಹಂದಿಗಳಿಗೆ ನೀರು ಹಾಕಿದ್ರು. ಆಮೇಲೆ "ನಾನು ನಿನ್ನ ಕೇಳಿದ್ನಲ್ಲೋ" ಅಂದ್ರು. ಅಷ್ಟೇ ಅಂದಿದ್ದು. ಕೋಲಿಯೋ ಲ್ಯಾಪ್‌ಟಾಪಲ್ಲಿ ಖಾತೆ ತೆರೆದೆ, ಇನ್ನೂ ಇದೆ. ಪೆಕಾನ ಕೋಟೆಯಿಂದ ಇಳಿಸಿ, ಕುದುರೆ ಹತ್ತಿಸದೆ, ನಡೆಸ್ಕೊಂಡೇ ಬಂದೆ, ಎರಡು ಗಂಟೆ ಹಿಡೀತು. ದೊಡ್ಡ ಮರದ ಕೆಳಗೆ ನಿಲ್ಲಿಸಿದೀನಿ. ನಿಮ್ಮ ಬಂದರಿನ ಹತ್ರ ಕಂಪ್ಯೂಟರ್ ಅಂಗಡಿ ಇದ್ಯಂತೆ, ಪಾಸ್‌ವರ್ಡ್ ಅದೇ, ನಮ್ಮ ಕುಂಟು ಹಂದಿ ಹೆಸರು. ಈಗಲೂ ನರ್ಸ್ ಓದೋ ಮನಸ್ಸಿದ್ರೆ ಪೆಕಾನ ಅಲ್ಲೇ ಬಿಡು, ಮೇ ತಿಂಗಳಲ್ಲಿ ಬಂದು ಭಾವನ ಎದುರು ಕೂತು ನಾನೇ ಕೇಳ್ತೀನಿ. ಬೇಡ ಅಂದ್ರೆ ಬಾವಿ ಹತ್ರ ಕರ್ಕೊಂಡು ಹೋಗಿ ನಿಲ್ಲಿಸು. ಬೈಬೇಕು ಅನ್ಸಿದ್ರೆ ಬೈ. ಚೆನ್ನಾಗಿದೆ ಅಂತ ಮಾತ್ರ ಅನ್ಬೇಡ ಅಕ್ಕಾ.